ಮದುಮಗಳು ಎಲ್ಲಿ ಎಂದು ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ತಲುಪಿತು. ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಇಷ್ಟು ದಿನವಾದರೂ ಮದುಮಗಳ ಸುಳಿವೇ ಸರಿಯಾಗಿ ಸಿಕ್ಕಿಲ್ಲ, ಪುಟ ತಿರುವಿದರೆ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ, ಇದನ್ನೇಕೆ ಎಲ್ಲರೂ ಇಷ್ಟು ಹೊಗಳುತ್ತಾರೆ ಎಂದು ಕೇಳಿದ್ದೀಯೆ. ಪುಸ್ತಕವನ್ನು ಕಪಾಟಿಗೆ ಸೇರಿಸುವ ಮೊದಲು ನನಗೊಂದು ಮಾತು ಬರೆದೆಯಲ್ಲ, ಅದೇ ನನಗೆ ಸಂತೋಷ.

ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಹೆಸರು ಕೇಳಿ, ಮುಖಪುಟ ನೋಡಿ, ನಿನ್ನ ಉಪನ್ಯಾಸಕರ ಮೆಚ್ಚುಗೆ ಕೇಳಿ ಒಂದು ಪ್ರೇಮಕಥೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡೆ. ಹೆಣ್ಣು ನೋಡಲು ಬಂದವರು ಎತ್ತರ, ಬಣ್ಣ, ಸಂಗೀತ ಎಂದು ಪಟ್ಟಿ ಹಿಡಿದು ಬರುವಂತೆ ನಾವೂ ಪುಸ್ತಕದ ಮುಂದೆ ಕೂರುತ್ತೇವೆ. ಎದುರಿಗಿರುವವಳು ಏನು ಹೇಳುತ್ತಿದ್ದಾಳೆ ಎಂಬುದು ಆಗ ಕಿವಿಗೆ ಬೀಳುವುದಿಲ್ಲ.

ಕುವೆಂಪು ಏನನ್ನೂ ಬಚ್ಚಿಟ್ಟಿಲ್ಲ. ಕಥೆಗಿಂತ ಮೊದಲೇ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಅಚ್ಚು ಹಾಕಿಸಿದ್ದಾರೆ. ಚೆಂದದ ಮಾತು ಎಂದು ಓದಿ ಮುಂದೆ ಹೋಗುತ್ತೇವೆ. ಆದರೆ ಇಡೀ ಕಾದಂಬರಿ ಆ ಮಾತಿಗೆ ಬದ್ಧವಾಗಿ ನಡೆಯುತ್ತದೆ. ಬೇರೆ ಕಾದಂಬರಿಯಲ್ಲಾದರೆ ಗೌಡರ ಓಲೆ ತಲುಪಿಸಿ ಮರೆಯಾಗುತ್ತಿದ್ದ ಹೊಲಗೇರಿಯ ಆಳು ಗುತ್ತಿ ಇಲ್ಲಿ ಕಾಡಿನ ದಾರಿಯನ್ನೂ ನಮ್ಮ ಗಮನವನ್ನೂ ತುಂಬಿಕೊಂಡು ನಡೆಯುತ್ತಾನೆ. ಅವನ ಜೊತೆಗಿರುವ ನಾಯಿಗೂ ಅಷ್ಟೇ ಗೌರವ. ಮದುಮಗಳು ಒಬ್ಬಳೇ ಎಂದು ನಿನಗೆ ಯಾರು ಹೇಳಿದರು? ಗುತ್ತಿಯ ತಿಮ್ಮಿ ಇದ್ದಾಳೆ, ಐತನ ಪೀಂಚಲು ಇದ್ದಾಳೆ, ಮುಕುಂದಯ್ಯನ ಚಿನ್ನಮ್ಮ ಇದ್ದಾಳೆ. ಚಿನ್ನಮ್ಮನನ್ನು ಮಾತ್ರ ಹುಡುಕುತ್ತಾ ಹೋದರೆ ಉಳಿದವರ ಬದುಕು ನಿನಗೆ ಅಡ್ಡಿಯಾಗಿ ಕಾಣುತ್ತದೆ. 1967ರಲ್ಲಿ ಬಂದ ಈ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ: ಯಾರ ಕಡೆ ನೋಡಬೇಕು ಎಂಬ ನಮ್ಮ ಅಭ್ಯಾಸವನ್ನೇ ಅದು ಬದಲಿಸುತ್ತದೆ.

ನಿಧಾನದ ಬಗ್ಗೆಯೂ ದೂರಿದ್ದೀಯೆ. ರಂಗನಿರ್ದೇಶಕ ಬಸವಲಿಂಗಯ್ಯನವರು ಇದನ್ನು ರಂಗಕ್ಕೆ ತಂದಾಗ ರಾತ್ರಿಯಿಡೀ ಆಡಿಸಬೇಕಾಯಿತು, ಸುಮಾರು ಒಂಬತ್ತು ಗಂಟೆ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆಯುತ್ತಾ ನೋಡಿದರು. ಮಲೆನಾಡಿನ ಕಾಡುದಾರಿಯಲ್ಲಿ ಕಾಲ್ನಡಿಗೆಯ ವೇಗ ಎಷ್ಟೋ ಈ ಬರಹದ ವೇಗವೂ ಅಷ್ಟೇ. ಅವಸರ ಮಾಡಬೇಡ.

ಕನ್ನಡದ ನನ್ನ ಮೆಚ್ಚಿನ ಪುಸ್ತಕಗಳಲ್ಲಿ ಎಷ್ಟೋ ಹೀಗೆಯೇ, ನಾವು ನಿರೀಕ್ಷಿಸಿದ್ದನ್ನು ಬಿಟ್ಟು ಬೇರೆಯದನ್ನೇ ಕೊಡುತ್ತವೆ. ತೇಜಸ್ವಿಯವರ ‘ಕರ್ವಾಲೊ’ ನೋಡು, 1980ರದ್ದು. ಹೆಸರು ವಿಜ್ಞಾನಿಯದು, ಹಾಗಾಗಿ ಅವರ ಜೀವನಕಥೆ ಇರಬಹುದು ಎಂದುಕೊಂಡು ತೆರೆಯುತ್ತೇವೆ. ಜೇನು ಕೊಳ್ಳಲು ಹೋದಲ್ಲಿಂದ ಶುರುವಾಗಿ ಕಥೆ ಮಂದಣ್ಣನ ಬೆನ್ನು ಹತ್ತುತ್ತದೆ. ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಹುಡುಗನಲ್ಲಿ ಕರ್ವಾಲೊ ಒಬ್ಬ ನಿಜವಾದ ನಿಸರ್ಗತಜ್ಞನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಹುಡುಕುತ್ತಾ ಇಡೀ ತಂಡ ಕಾಡು ಹೊಕ್ಕಾಗ, ಇನ್ನೇನು ಹಿಡಿದೇ ಬಿಡುತ್ತಾರೆ ಎಂದು ನಾವೂ ಉಸಿರು ಬಿಗಿಹಿಡಿಯುತ್ತೇವೆ. ಮುಂದೇನಾಯಿತು ಎಂದು ಹೇಳಿ ನಿನ್ನ ಓದನ್ನು ಕೆಡಿಸುವುದಿಲ್ಲ. ಆ ಕೊನೆಯ ಪುಟ ನನ್ನ ನಿರೀಕ್ಷೆಗಿಂತ ಎಷ್ಟೋ ಪಾಲು ದೊಡ್ಡದಾಗಿತ್ತು.

ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಮೂಕಜ್ಜಿಯೂ ಹೆಸರಿನಂತೆ ಮೂಕಿಯೇನಲ್ಲ. ಅವಳಷ್ಟು ನೇರವಾಗಿ ದೇವರು, ಮದುವೆ, ಹೆಣ್ಣಿನ ಬಯಕೆಗಳ ಬಗ್ಗೆ ಮಾತನಾಡುವ ಅಜ್ಜಿಯರು ನಮ್ಮ ಸಾಹಿತ್ಯದಲ್ಲಿ ವಿರಳ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಳ್ಳಗಿದೆ, ಒಂದು ಸಂಜೆಗೆ ಮುಗಿಯುತ್ತದೆ. ಕಾಫಿ ಹೌಸಿನಲ್ಲಿ ಹಗುರವಾಗಿ ಶುರುವಾಗುವ ಅದು, ಹಣ ಬಂದ ಮೇಲೆ ಒಂದು ಮನೆಯೊಳಗೆ ಏನಾಗುತ್ತದೆ ಎಂಬುದನ್ನು ತೋರಿಸುತ್ತಾ ಹೋದಂತೆ ಎದೆ ಭಾರವಾಗುತ್ತದೆ. ಪುಟಗಳನ್ನು ಎಣಿಸಿ ಪುಸ್ತಕವನ್ನು ಅಳೆಯಬಾರದು ಎಂದು ನಾನು ನಂಬುವುದು ಇಂಥವನ್ನು ಓದಿದ್ದರಿಂದಲೇ.

ಹಾಗೆಂದು ಬೇಡವಾದದ್ದನ್ನು ಹಲ್ಲು ಕಚ್ಚಿಕೊಂಡು ಓದು ಎನ್ನುತ್ತಿಲ್ಲ. ಬಾಯಿತುಂಬ ಹೊಗಳಿಸಿಕೊಂಡ ಕೆಲವು ಪುಸ್ತಕಗಳು ಒಳಗೆ ನಿಜಕ್ಕೂ ಟೊಳ್ಳಾಗಿರುತ್ತವೆ, ಅವನ್ನು ಯಾವ ಮುಲಾಜೂ ಇಲ್ಲದೆ ಬದಿಗಿಡು. ನನ್ನ ಹೊಗಳಿಕೆಗೂ ಅದೇ ನಿಯಮ. ಆದರೆ ಪುಸ್ತಕ ತಾನು ಕೊಡುತ್ತೇನೆಂದದ್ದನ್ನು ಕೊಡದೆ ಹೋಯಿತೇ, ಅಥವಾ ನಾವು ಕೇಳಿದ್ದನ್ನು ಕೊಡಲಿಲ್ಲ ಎಂಬುದಷ್ಟೇ ನಮ್ಮ ಸಿಟ್ಟೇ, ಅದನ್ನು ಮಾತ್ರ ವಿಚಾರಿಸಿ ನೋಡು. ಎರಡಕ್ಕೂ ಬಹಳ ಅಂತರವಿದೆ.

ಈಗ ಒಂದು ಕೆಲಸ ಮಾಡು. ಚಿನ್ನಮ್ಮ ಮನೆ ಬಿಟ್ಟು ಕತ್ತಲೆಯಲ್ಲಿ ಕಾಡಿನ ದಾರಿ ಹಿಡಿಯುವ ಭಾಗದವರೆಗೆ ಓದು. ಅಲ್ಲಿಗೂ ಹಿಡಿಸದಿದ್ದರೆ ನಿಲ್ಲಿಸು, ಏಕೆ ಹಿಡಿಸಲಿಲ್ಲ ಎಂದು ವಿವರವಾಗಿ ಬರೆ. ಹಿಡಿಸಿದರೆ ಗುತ್ತಿಯ ಬಗ್ಗೆ ಬರೆ. ದಸರಾ ರಜೆಗೆ ಬರುವಾಗ ‘ಕರ್ವಾಲೊ’ ತೆಗೆದಿಟ್ಟಿರುತ್ತೇನೆ. ಅಪ್ಪನ ಪ್ರತಿಯ ರಟ್ಟು ಕಿತ್ತಿದೆ, ಜೋಪಾನವಾಗಿ ಓದಬೇಕು.

ಇಂತಿ ನಿನ್ನ,
ಅಮ್ಮ