ಪ್ರಬಲ ಜಾತಿ: ಪದ ನೆನಪಿದೆ, ಕೊಟ್ಟವರು?

ಮಾನ್ಯರೇ,

ಚುನಾವಣೆ ಬಂತೆಂದರೆ ಟಿ.ವಿ. ಚರ್ಚೆಗಳಲ್ಲಿ ‘ಪ್ರಬಲ ಜಾತಿ’ ಎಂಬ ಮಾತು ಮಳೆಯಂತೆ ಸುರಿಯುತ್ತದೆ. ಅದನ್ನು ಕೊಟ್ಟವರು ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಎಂಬುದು ಮಾತಾಡುವ ಎಷ್ಟು ಮಂದಿಗೆ ಗೊತ್ತೋ! ಮುಂಬೈಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಘುರ್ಯೆ ಅವರ ಶಿಷ್ಯರಾಗಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಕೊಡವರ ಧರ್ಮದ ಬಗ್ಗೆ 1952ರಲ್ಲಿ ಪುಸ್ತಕ ಪ್ರಕಟಿಸಿದರು. ‘ಸಂಸ್ಕೃತೀಕರಣ’ದ ವಿಚಾರ, ಅಂದರೆ ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದು, ಅಲ್ಲಿಂದಲೇ ಪ್ರಸಿದ್ಧವಾಯಿತು.

1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದರು. ಊರ ನಾಯಕತ್ವ ಭೂಮಿ, ಜನಬಲಗಳ ಮೇಲೆ ನಿಂತದ್ದನ್ನು, ಜಗಳವಾದರೆ ಯಾರ ಮಾತು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ಹೀಗೆ ಭೂಮಿ, ಜನಬಲಗಳಿಂದ ಊರಿನಲ್ಲಿ ಮಾತು ನಡೆಸುವ ಜಾತಿಯೇ ಅವರ ‘ಪ್ರಬಲ ಜಾತಿ’. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು, ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಆ ಊರಿನ ಕಥೆ ಬರೆದರು, 1976ರಲ್ಲಿ ಪ್ರಕಟವಾಯಿತು. (ನಮಗೆ ಮೊನ್ನೆಯ ಭರವಸೆಗಳೇ ನೆನಪಿರುವುದಿಲ್ಲ!)

ಬರೋಡಾ, ದೆಹಲಿಗಳಲ್ಲಿ ಪಾಠ ಹೇಳಿದ ಅವರು 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಶೋಧನಾ ಸಂಸ್ಥೆ (ಐಸೆಕ್) ಸೇರಿ, 1999ರಲ್ಲಿ ಇಲ್ಲೇ ತೀರಿಕೊಂಡರು. ಬರೆದದ್ದೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಮ್ಮ ಪದವಿ ತರಗತಿಗಳಿಗೆ ಅವರ ಆಯ್ದ ಲೇಖನಗಳನ್ನು ಅಗ್ಗದ ಕನ್ನಡ ಆವೃತ್ತಿಯಲ್ಲಿ ಸರ್ಕಾರ ಒದಗಿಸಲಿ.

– ಒಬ್ಬ ನಿವೃತ್ತ ಅಧ್ಯಾಪಕ, ನಾಗರಬಾವಿ, ಬೆಂಗಳೂರು