ಮಕ್ಕಳನ್ನು ನೋಡಿ ವ್ಯೂಹ ಬರೆಯಿರಿ

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ಫುಟ್‌ಬಾಲ್ ಶಿಬಿರಗಳ ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಮೈದಾನಕ್ಕೆ ಬರುವುದನ್ನು ಕಂಡು ಸಂತೋಷಪಡುವವರಲ್ಲಿ ನಾನೂ ಒಬ್ಬ. ಬಹುಕಾಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು, ನಿವೃತ್ತಿಯ ನಂತರವೂ ಸಂಜೆ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ. ಆದರೆ ನಮ್ಮ ಯುವ ತರಬೇತುದಾರರಲ್ಲಿ ಬೇರೂರುತ್ತಿರುವ ಒಂದು ಅಭ್ಯಾಸ ನನ್ನನ್ನು ಬಹಳವಾಗಿ ಕಾಡುತ್ತಿದೆ. ಮೊದಲ ದಿನವೇ ಬೋರ್ಡಿನ ಮೇಲೆ 4-3-3 ಎಂದು, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು ನಿಲ್ಲುವ ವ್ಯೂಹವನ್ನು, ಚುಕ್ಕೆಗಳಿಟ್ಟು ಬರೆಯುತ್ತಾರೆ. ಆಮೇಲೆ ಆ ಚುಕ್ಕೆಗಳಿಗೆ ಹೊಂದುವ ಮಕ್ಕಳನ್ನು ಹುಡುಕುತ್ತಾರೆ. ಹೊಂದದ ಮಗು ಬೆಂಚಿನ ಮೇಲೆ ಕೂರುತ್ತದೆ, ಕೆಲವು ದಿನ ಕಾದು ನೋಡಿ ಮೈದಾನಕ್ಕೆ ಬರುವುದನ್ನೇ ಬಿಡುತ್ತದೆ.

ಕಳೆದ ವರ್ಷ ನೋಡಿದ ಒಂದು ಅಂತರಶಾಲಾ ಪಂದ್ಯವನ್ನು ಇಲ್ಲಿ ಹೇಳಲೇಬೇಕು. ಮೈದಾನವೆಂದರೆ ಗಟ್ಟಿ ಕೆಮ್ಮಣ್ಣು, ಚೆಂಡು ಬಿದ್ದರೆ ಯಾವ ಕಡೆಗೆ ಪುಟಿಯುತ್ತದೆಂದು ಹೇಳಲಾಗದು. ಒಂದು ತಂಡದ ಗೋಲ್‌ಕೀಪರ್ ಹುಡುಗ ಕೈಯಿಂದ ಎಸೆದರೆ ಚೆಂಡು ಮಧ್ಯರೇಖೆಯ ಹತ್ತಿರ ಹೋಗಿ ಬೀಳುತ್ತಿತ್ತು. ಕಾಲಿನ ಆಟ ಮಾತ್ರ ಅಷ್ಟಕ್ಕಷ್ಟೇ. ಕೋಚ್ ಗೆರೆಯಾಚೆ ನಿಂತು ‘ಕಾಲಲ್ಲಿ ಆಡು, ಹತ್ತಿರದವನಿಗೆ ಪಾಸ್ ಕೊಡು’ ಎಂದು ಕೂಗುತ್ತಲೇ ಇದ್ದರು. ಹುಡುಗ ಹೇಳಿದಂತೆ ಮಾಡಿದ. ಚೆಂಡು ಕಲ್ಲಿಗೆ ತಾಗಿ ಎದುರಾಳಿಯ ಕಾಲಿಗೆ ಸಿಕ್ಕಿ ಗೋಲಾಯಿತು. ಎರಡನೆಯ ಗೋಲು ಕೂಡ ಹೆಚ್ಚುಕಡಿಮೆ ಹಾಗೆಯೇ ಬಂತು. ವಿರಾಮದಲ್ಲಿ ಬೈಗುಳ ತಿಂದವನು ಆ ಹುಡುಗ. ಕೈಗವಸಿನ ಪಟ್ಟಿಯನ್ನು ಬಿಚ್ಚುತ್ತಾ ಮತ್ತೆ ಅಂಟಿಸುತ್ತಾ ತಲೆ ತಗ್ಗಿಸಿ ನಿಂತಿದ್ದ. ಎದುರಾಳಿಗಳೋ ಪಾಸ್ ಕಸಿಯಲು ಗುಂಪಾಗಿ ಮುಂದೆ ಬಂದು ನಿಂತಿದ್ದರು, ಅವರ ಬೆನ್ನ ಹಿಂದೆ ಬಯಲೋ ಬಯಲು. ಅವನ ಒಂದೇ ಒಂದು ಎಸೆತ ಸಾಕಿತ್ತು! ಆ ಕೈಯನ್ನು ಬಳಸಿಕೊಳ್ಳುವ ಯೋಚನೆ ಕೊನೆಯವರೆಗೂ ಯಾರಿಗೂ ಬರಲಿಲ್ಲ.

ಗೋಲ್‌ಕೀಪರ್‌ನಿಂದಲೇ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವುದನ್ನು ಈ ತರಬೇತುದಾರರು ಟಿವಿಯಲ್ಲಿ ನೋಡಿರುವುದು ಸ್ಪೇನಿನ ಕೋಚ್ ಪೆಪ್ ಗ್ವಾರ್ಡಿಯೋಲಾ ಅವರ ತಂಡಗಳಲ್ಲಿ. ಅವರು 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಬಂದಾಗ ಅಲ್ಲಿದ್ದ ಇಂಗ್ಲೆಂಡ್ ತಂಡದ ಗೋಲ್‌ಕೀಪರ್ ಜೋ ಹಾರ್ಟ್ ಆ ಆಟಕ್ಕೆ ಒಗ್ಗುವುದಿಲ್ಲವೆಂದು ಕ್ಲಾಡಿಯೊ ಬ್ರಾವೊ ಅವರನ್ನು ತಂದರು. ಅದೂ ಸರಿಹೋಗಲಿಲ್ಲ, ಮರುವರ್ಷ ಎಡರ್ಸನ್ ಅವರನ್ನು ಕೊಂಡರು. ಹಣವಿತ್ತು, ಕೊಂಡರು. ಸರ್ಕಾರಿ ಶಾಲೆಯ ಮೇಷ್ಟರು ಯಾವ ಸಂತೆಗೆ ಹೋಗಬೇಕು? ನಮ್ಮ ಪಾಲಿಗೆ ಬಂದ ಮಕ್ಕಳೇ ನಮ್ಮ ತಂಡ. ಆದ್ದರಿಂದ ನಾವು ಪಾಠ ಕಲಿಯಬೇಕಾದದ್ದು ಆಟಗಾರರನ್ನು ಕೊಳ್ಳಲಾಗದ ತಂಡಗಳಿಂದ, ಅಂದರೆ ರಾಷ್ಟ್ರೀಯ ತಂಡಗಳಿಂದ.

ಕತಾರ್ ವಿಶ್ವಕಪ್ ಗೆದ್ದ ಅರ್ಜೆಂಟೀನಾವನ್ನೇ ನೋಡಿ. ಸತತ 36 ಪಂದ್ಯಗಳಲ್ಲಿ ಸೋಲದೆ ಬಂದ ತಂಡ 2022ರ ನವೆಂಬರ್ 22ರಂದು ಸೌದಿ ಅರೇಬಿಯಾಕ್ಕೆ 1-2ರಿಂದ ಸೋತಿತು. ಮಿಡ್‌ಫೀಲ್ಡಿನ ಆಧಾರವಾಗಿದ್ದ ಲೊ ಸೆಲ್ಸೊ ಗಾಯದಿಂದಾಗಿ ಟೂರ್ನಿಗೇ ಬಂದಿರಲಿಲ್ಲ. ಅವರಿದ್ದಾಗಿನ ಆಟವನ್ನು ಅವರಿಲ್ಲದೆ ಆಡಿಸಲಾಗದೆಂದು ಕೋಚ್ ಲಿಯೊನೆಲ್ ಸ್ಕಲೋನಿ ಒಪ್ಪಿಕೊಂಡರು. ಮುಂದಿನ ಪಂದ್ಯಕ್ಕೆ ಐವರನ್ನು ಬದಲಿಸಿದರು. ಮ್ಯಾಕ್ ಅಲಿಸ್ಟರ್ ಒಳಬಂದರು. ಮೂರನೆಯ ಪಂದ್ಯದ ಹೊತ್ತಿಗೆ 21 ವರ್ಷದ ಎನ್ಜೊ ಫರ್ನಾಂಡಿಸ್ ಹಾಗೂ ಹುಲಿಯನ್ ಆಲ್ವರೆಸ್ ಆರಂಭದಿಂದಲೇ ಆಡಿದರು. ಮೆಸ್ಸಿಗೆ ಆಗ 35 ವರ್ಷ. ಚೆಂಡು ಎದುರಾಳಿಯ ಬಳಿ ಇದ್ದಾಗ ಅವರು ಬಹುಪಾಲು ನಡೆಯುತ್ತಿರುತ್ತಾರೆ. ಅವರನ್ನು ಓಡಿಸುವ ಹಟಕ್ಕೆ ಸ್ಕಲೋನಿ ಬೀಳಲಿಲ್ಲ. ಮುಂದೆ ಆಲ್ವರೆಸ್, ಪಕ್ಕದಲ್ಲಿ ಡಿ ಪೌಲ್, ಮೆಸ್ಸಿಯ ಪಾಲಿನ ಓಟವನ್ನೂ ಓಡುವಂತೆ ತಂಡವನ್ನು ಜೋಡಿಸಿದರು. ನೆದರ್ಲೆಂಡ್ಸ್ ವಿರುದ್ಧ ಹಿಂದೆ ಐವರು ಡಿಫೆಂಡರ್‌ಗಳು, ಕ್ರೊಯೇಷ್ಯಾ ವಿರುದ್ಧ ನಡುವೆ ನಾಲ್ವರು. ಫೈನಲ್‌ನಲ್ಲಿ, ನಾಕೌಟ್ ಪಂದ್ಯಗಳಲ್ಲಿ ಹೆಚ್ಚೇನೂ ಆಡದಿದ್ದ ಡಿ ಮರಿಯಾ ಅವರನ್ನು ಎಡಬದಿಗೆ ನಿಲ್ಲಿಸಿದರು. ಮೊದಲ ಗೋಲಿನ ಪೆನಾಲ್ಟಿ ಅವರಿಂದ ಸಿಕ್ಕಿತು, ಎರಡನೆಯ ಗೋಲು ಅವರೇ ಹೊಡೆದರು. 64ನೇ ನಿಮಿಷದಲ್ಲಿ ಅವರನ್ನು ಹೊರಗೆ ಕರೆದ ಮೇಲೆ ಫ್ರಾನ್ಸ್ ಹೇಗೆ ಎದ್ದು ಬಂತೆಂಬುದನ್ನೂ ನಾವೆಲ್ಲ ನೋಡಿದ್ದೇವೆ. ಒಬ್ಬ ಆಟಗಾರನ ಮೇಲೆ ಒಂದು ವ್ಯೂಹ ಎಷ್ಟು ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಇದನ್ನು ಹೇಳಿದಾಗಲೆಲ್ಲ ತರುಣ ಕೋಚ್‌ಗಳು ಬೆಲ್ಜಿಯಂ ಉದಾಹರಣೆ ಕೊಡುತ್ತಾರೆ. ನಿಜ, ಅಲ್ಲಿನ ತಾಂತ್ರಿಕ ನಿರ್ದೇಶಕ ಮಿಷೆಲ್ ಸಬ್ಲೋನ್ ಕಿರಿಯರಿಗೆಲ್ಲ 4-3-3 ಕಲಿಸುವ ಯೋಜನೆ ತಂದರು. ಆದರೆ ಆ ಯೋಜನೆಯಲ್ಲಿ ಎಳೆಯ ಮಕ್ಕಳು ಮೊದಲು ಆಡುತ್ತಿದ್ದದ್ದು ಇಬ್ಬರಿಗಿಬ್ಬರು, ಐವರಿಗೈವರು, ಆಮೇಲೆ ಎಂಟು ಮಂದಿಗೆ ಎಂಟು ಮಂದಿ. ಪ್ರತಿ ಮಗುವಿಗೂ ಚೆಂಡು ಸಿಗಬೇಕು, ಎದುರಾಳಿಯನ್ನು ದಾಟುವ ಧೈರ್ಯ ಬರಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಅದೇ ಬೆಲ್ಜಿಯಂ 2018ರ ವಿಶ್ವಕಪ್ಪಿನಲ್ಲಿ ಆಡಿದ್ದು ಹಿಂದೆ ಮೂವರನ್ನು ನಿಲ್ಲಿಸಿಕೊಂಡು. ಕಜಾನ್‌ನ ಕ್ವಾರ್ಟರ್‌ ಫೈನಲ್‌ನಲ್ಲಿ ಬ್ರೆಜಿಲ್ ಎದುರಾದಾಗ ಕೋಚ್ ರಾಬರ್ಟೊ ಮಾರ್ಟಿನೆಜ್ ಅದನ್ನೂ ಮುರಿದರು. ನಡುವೆ ನಿಲ್ಲುತ್ತಿದ್ದ ಲುಕಾಕು ಬಲಬದಿಗೆ ಹೋದರು, ಡಿ ಬ್ರೂಯ್ನ ನಡುವಿನ ಮುಂಚೂಣಿಗೆ ಬಂದರು. ಲುಕಾಕು ಚೆಂಡು ಹೊತ್ತು ಓಡಿದರು, ಡಿ ಬ್ರೂಯ್ನ ಗೋಲು ಹೊಡೆದರು, ಬೆಲ್ಜಿಯಂ 2-1ರಿಂದ ಗೆದ್ದಿತು. 4-3-3 ಕಲಿಸಿದ ನಾಡೇ ಅಗತ್ಯ ಬಿದ್ದಾಗ ಅದನ್ನು ಬದಿಗಿಟ್ಟಿದೆ. ನಾವು ಅದನ್ನು ಹಿಡಿದುಕೊಂಡು ಕೂತಿದ್ದೇವೆ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು ಶಾಲಾ ಶಿಕ್ಷಕರಾಗಿದ್ದು ಭಾರತ ತಂಡದ ಕೋಚ್ ಆದವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಗಟ್ಟಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಇನ್ನೊಬ್ಬರಾಗಿದ್ದರೆ ಅವರನ್ನು ಕೂರಿಸಿ, ಅವರ ಜಾಗಕ್ಕೆ ಮತ್ತೊಬ್ಬರನ್ನು ಹಾಕಿ ಸುಮ್ಮನಾಗುತ್ತಿದ್ದರು. ರಹೀಮ್ ಸಾಹೇಬರು ಜರ್ನೈಲ್‌ರನ್ನು ಮುಂದಕ್ಕೆ ಕಳುಹಿಸಿ ಸ್ಟ್ರೈಕರ್ ಮಾಡಿದರು. ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು. ಲೀಗ್ ಹಂತದಲ್ಲಿ ನಮ್ಮನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವೇ ಫೈನಲ್‌ನಲ್ಲಿ ಎದುರಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, ಭಾರತಕ್ಕೆ 2-1ರ ಜಯ, ಚಿನ್ನ. ಆಗಲೇ ಕ್ಯಾನ್ಸರ್ ರಹೀಮರ ದೇಹವನ್ನು ತಿನ್ನುತ್ತಿತ್ತು, ಮರುವರ್ಷ ಅವರು ತೀರಿಕೊಂಡರು. ನಮ್ಮ ತರಬೇತಿ ಕೋರ್ಸುಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಹೇಳಿಕೊಡುತ್ತಾರೆ?

ನನ್ನ ಶಾಲೆಯ ಬಾಲಕಿಯರ ತಂಡದಲ್ಲಿ ಎಡಗಾಲಿನ ಒಬ್ಬ ಹುಡುಗಿ ಇದ್ದಳು. ಸಣಕಲು ದೇಹ, ಮೈಗೆ ಮೈ ತಾಗಿದರೆ ಬಿದ್ದುಬಿಡುವಳು. ಆದರೆ ಚೆಂಡು ತನ್ನ ಬಳಿ ಬರುವ ಮೊದಲೇ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕತ್ತು ತಿರುಗಿಸಿ ಯಾರೆಲ್ಲಿದ್ದಾರೆಂದು ನೋಡಿಕೊಳ್ಳುತ್ತಿದ್ದಳು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಎಡಗಾಲಿನವಳೆಂದು ಅವಳನ್ನು ಎಡಬದಿಯ ಡಿಫೆನ್ಸಿಗೆ ಹಾಕಿದ್ದರೆ ಒಂದೇ ಪಂದ್ಯಕ್ಕೆ ಅವಳ ಆಟ ಮುಗಿಯುತ್ತಿತ್ತು. ಸ್ಟ್ರೈಕರ್‌ನ ಹಿಂದೆ ಬಿಟ್ಟೆ, ಇಬ್ಬದಿಗೂ ದಣಿವರಿಯದೆ ಓಡುವ ಇಬ್ಬರನ್ನು ಕೊಟ್ಟೆ. ಎದುರಾಳಿಗಳಿಂದ ಚೆಂಡು ಕಸಿಯುವ ಕೆಲಸ ಆ ಇಬ್ಬರದು, ಕಸಿದದ್ದನ್ನು ಗೋಲಿನ ದಾರಿಗೆ ಹಚ್ಚುವ ಕೆಲಸ ಇವಳದು. ಆ ವರ್ಷ ನಾವು ಕಪ್ ಗೆಲ್ಲಲಿಲ್ಲ, ಕ್ವಾರ್ಟರ್ ಫೈನಲ್‌ನಲ್ಲಿ ಸೋತೆವು. ಆದರೆ ಹತ್ತನೇ ತರಗತಿ ಮುಗಿಯುವವರೆಗೂ ಅವಳು ಒಂದು ಸಂಜೆಯೂ ಮೈದಾನ ತಪ್ಪಿಸಲಿಲ್ಲ.

ಮಕ್ಕಳಿಗೆ ಬಾರದ್ದನ್ನು ಕಲಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಆ ಹುಡುಗಿಗೂ ಅಭ್ಯಾಸದಲ್ಲಿ ಟ್ಯಾಕ್ಲಿಂಗ್ ಕಲಿಸಿದೆ. ಎಸೆಯುವ ಹುಡುಗನಿಗೂ ಕಾಲಿನ ಪಾಸ್ ಕಲಿಸಬೇಕು, ಪ್ರತಿದಿನವೂ ಕಲಿಸಬೇಕು. ಇನ್ನೂ ಬಾರದ ವಿದ್ಯೆಯನ್ನು ನೂರು ಜನರ ಎದುರು, ಪಂದ್ಯದ ನಡುವೆ ಮಾಡಿಸಿ, ಸೋತಾಗ ಅವನನ್ನೇ ಬೈಯುವುದು ಮಾತ್ರ ಅನ್ಯಾಯ.

ಈ ಬೇಸಿಗೆಯಲ್ಲಿ ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ವಾರ ಬೋರ್ಡು ಹೊರಗೆ ತರಬೇಡಿ. ಜಾಗ ಹಂಚದೆ ಐವರಿಗೈವರಂತೆ ಮಕ್ಕಳನ್ನು ಆಡಲು ಬಿಡಿ, ಪಕ್ಕದಲ್ಲಿ ಕೂತು ಬರೆದುಕೊಳ್ಳಿ: ಯಾರು ಎಡಗಾಲಿನವರು, ಯಾರು ಸುಸ್ತಾದ ಮೇಲೂ ಹಿಂದಕ್ಕೆ ಓಡಿ ಬರುತ್ತಾರೆ, ಯಾರು ಚೆಂಡಿಲ್ಲದಾಗಲೂ ಸುತ್ತ ನೋಡುತ್ತಾರೆ, ಯಾರು ಕೂಗಿ ಗೆಳೆಯರನ್ನು ಎಚ್ಚರಿಸುತ್ತಾರೆ. ಎರಡನೇ ವಾರ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ವ್ಯೂಹ ಬರೆಯಿರಿ. ಅದು 4-4-2 ಆಗಬಹುದು, 3-5-2 ಆಗಬಹುದು, 4-3-3 ಕೂಡ ಆಗಬಹುದು. ತಮ್ಮ ಪತ್ರಿಕೆಯ ಕ್ರೀಡಾಪುಟವೂ ಅಂತರಶಾಲಾ ಪಂದ್ಯಗಳ ವರದಿಯಲ್ಲಿ ಗೋಲು ಹೊಡೆದವರ ಹೆಸರಿನ ಜೊತೆಗೆ, ಯಾವ ಮೇಷ್ಟರು ಯಾವ ಮಗುವನ್ನು ಎಲ್ಲಿಂದ ಎಲ್ಲಿಗೆ ನಿಲ್ಲಿಸಿದರು, ಅದರಿಂದ ಏನಾಯಿತು ಎಂದು ಎರಡು ಸಾಲು ಬರೆದರೆ ದೊಡ್ಡ ಉಪಕಾರವಾಗುತ್ತದೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬೆಂಗಳೂರು