ಆಪರೇಷನ್ ಪುಕ್ಕಟೆ, ಆಸ್ಪತ್ರೆ ಮುಟ್ಟೋದು ಹೇಗೆ ಸಾಹೇಬ್ರೆ?

ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಕೊರೊನಾದ ಮೂರನೇ ಅಲೆ ಬಂದರೆ ಮಕ್ಕಳಿಗೇ ಜಾಸ್ತಿ ಕಾಡುತ್ತೆ ಅಂತ ಈ 2021ರಲ್ಲಿ ವಾರ್ಡ್, ಆಕ್ಸಿಜನ್ ಬೆಡ್ ಸಿದ್ಧ ಮಾಡಿಸುತ್ತಿದ್ದೀರಿ. ಒಳ್ಳೆಯದು. ಆದರೆ ಕೊರೊನಾಕ್ಕೆ ಮೊದಲೇ ಕಾಯಿಲೆ ಇದ್ದ ಮಕ್ಕಳ ಗತಿ ಏನು? ಒಂದೂವರೆ ವರ್ಷ ಸುಮ್ನಿದ್ದೆ. ಇನ್ನು ಆಗಲ್ಲ.

ನನ್ನ ತಂಗಿ ಇರುವುದು ಇಂಡಿ ತಾಲ್ಲೂಕಿನಲ್ಲಿ. ಗಂಡನಿಗೆ ಗೋವಾದಲ್ಲಿ ಗೌಂಡಿ ಕೆಲಸ. 2020ರ ಜನವರಿಯಲ್ಲಿ ಅಂಗನವಾಡಿಗೆ ಬಂದ ಡಾಕ್ಟರು ಅವಳ ಮೂರು ವರ್ಷದ ಮಗಳನ್ನು ನೋಡಿ, ಹಾರ್ಟಿನಲ್ಲಿ ತೂತು ಇದ್ದಂಗಿದೆ ಅಂದರು. ದೊಡ್ಡಾಸ್ಪತ್ರೆಗೆ ತೋರಿಸಲು ಚೀಟಿ ಬರೆದುಕೊಟ್ಟರು. ಗಂಡ ಊರಿಗೆ ಬರಲಿ ಅಂತ ಕಾದರು. ಅಷ್ಟರಲ್ಲಿ ಮಾರ್ಚ್ 25ಕ್ಕೆ ಎಲ್ಲ ಬಂದ್. ಬೆಂಗಳೂರಿಗೆ ಹೋಗುವ ಗೋಲಗುಂಬಜ್ ರೈಲೂ ನಿಂತಿತು.

ಕೂಸು ನಾಲ್ಕು ಹೆಜ್ಜೆ ಓಡಿದರೆ ಕುಕ್ಕುರುಗಾಲಲ್ಲಿ ಕೂತುಬಿಡುತ್ತಿತ್ತು. ಆಗಸ್ಟ್‌ನಲ್ಲಿ ಒಂದು ಆಸ್ಪತ್ರೆಯ ಗೇಟಿನ ಮುಂದೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಿಂತೆವು. ಕೊರೊನಾ ರಿಪೋರ್ಟ್ ಕೇಳಿದರು, ಕೊಟ್ಟೆವು. ಚೀಟಿ ಕೇಳಿದರು, ಕೊಟ್ಟೆವು. ಇದು ಲಾಕ್‌ಡೌನ್‌ಗಿಂತ ಮುಂಚಿನದು, ನಡೆಯಲ್ಲ ಅಂದರು. ಹೊಸದು ಬರೆಯುವ ಡಾಕ್ಟರು ಕೋವಿಡ್ ಡ್ಯೂಟಿಗೆ ಹೋಗಿದ್ದರು. ಮಗು ಅತ್ತು ಅತ್ತು ತುಟಿ, ಉಗುರು ನೀಲಿಯಾದವು. ಗೇಟಿನವನು ನಮ್ಮ ಕಡೆ ನೋಡಲೇ ಇಲ್ಲ. ಆ ಎಂಟು ತಾಸು ನಾನು ಸಾಯೋವರೆಗೂ ಮರೆಯಲ್ಲ ಸಾಹೇಬ್ರೆ.

ಕೊನೆಗೆ 2021ರ ಜನವರಿಯಲ್ಲಿ ಬೆಂಗಳೂರಿನ ಒಂದು ಧರ್ಮಾಸ್ಪತ್ರೆಯವರು ಆಪರೇಷನ್ ಮಾಡಿದರು. ಒಂದು ರೂಪಾಯಿ ತಗೊಳ್ಳಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಆದರೆ ಅಲ್ಲಿಗೆ ಮುಟ್ಟಲು ಕ್ರೂಸರ್ ಗಾಡಿಗೆ 22 ಸಾವಿರ ಕೊಟ್ಟೆವು. ತಂಗಿ ತವರಿನ ಬಂಗಾರದ ಬೋರಮಾಳ ಸರ ಮಾರಿದಳು.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರಂತೆ ಮಕ್ಕಳನ್ನು ನೋಡಲು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಡಾಕ್ಟರ ತಂಡ ಬರಬೇಕು. ಅಂಗನವಾಡಿ ಮುಚ್ಚಿದಾಗ ಕಾರ್ಯಕರ್ತೆಯರು ರೇಷನ್ ಮನೆಗೇ ತಂದುಕೊಟ್ಟರು. ಡಾಕ್ಟರನ್ನೂ ಹಾಗೇ ಮನೆಗೆ ಕಳಿಸಬಹುದಿತ್ತು ಅಲ್ವಾ?

ನಾನು ಕೇಳುವುದು ಇಷ್ಟೇ. ಇಂಥ ಮಕ್ಕಳಿಗೆಂದೇ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿ ಬೇಕು. ಹೋದ ದಿನವೇ ಚೀಟಿ ಕೈಗೆ ಬರಬೇಕು. ದೊಡ್ಡಾಸ್ಪತ್ರೆಗೆ ಒಯ್ಯಲು ಸರ್ಕಾರದ ಗಾಡಿ ಬೇಕು. ಲಾಕ್‌ಡೌನ್ ಇದ್ದರೂ ಬೇಕು.

ಮೊನ್ನೆ ಪಕ್ಕದ ತೋಟದ ವಸ್ತಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಎಂಟು ತಿಂಗಳ ಕೂಸು, ಅದೇ ಹಾರ್ಟಿನ ತೊಂದರೆ. ‘ಅಣ್ಣಾ, ಆ ಕ್ರೂಸರ್‌ನವರ ನಂಬರ್ ಕೊಡ್ರಿ’ ಅಂದಳು. ನನ್ನ ಹತ್ತಿರ ಇದ್ದದ್ದು ಅದೊಂದೇ ನಂಬರ್. ಕೊಟ್ಟೆ. ಅವಳ ಕೊರಳಲ್ಲಿ ಕರಿಮಣಿ ಬಿಟ್ಟು ಬೇರೇನೂ ಇರಲಿಲ್ಲ.

ಒಬ್ಬ ಅಧಿಕಾರಿ, ಅದೇ ದಿನ ಚೀಟಿ, ಒಂದು ಗಾಡಿ. ಈ ವಾರವೇ ಆದೇಶ ಮಾಡಿ. ಆ ಕೂಸಿಗೆ ಕಾಯುವಷ್ಟು ಟೈಮ್ ಇಲ್ಲ.

ಇಂತಿ,
ಇಂಡಿ ತಾಲ್ಲೂಕಿನ ಒಂದು ಮಗುವಿನ ಸೋದರಮಾವ